ಹಲೋ ಅಮ್ಮಾ, ಎರಡನೆಯ ಸಲ

ಹಳೆಯ ಸೀರಿಯಲ್ಲುಗಳನ್ನು ಮತ್ತೆ ತೆಗೆಯಬೇಕೇ ಬೇಡವೇ ಎಂಬ ಚರ್ಚೆ ನಮ್ಮ ಆಫೀಸಿನಲ್ಲಿ ಊಟದ ಹೊತ್ತಿಗೆ ಬಂದರೆ ನಾನು ಡಬ್ಬಿ ಮುಚ್ಚಿಕೊಂಡು ಎದ್ದುಬಿಡುತ್ತಿದ್ದೆ. "ಆ ಕಾಲದ ಕಾಮಿಡಿ ಎಷ್ಟು ಶುದ್ಧವಾಗಿತ್ತು! ಮನೆಮಂದಿಯೆಲ್ಲ ಕೂತು ನೋಡಬಹುದಿತ್ತು" ಎಂದು ಯಾರಾದರೂ ನಿಟ್ಟುಸಿರು ಬಿಟ್ಟರೆ ಮೈಯೆಲ್ಲ ಉರಿಯುತ್ತಿತ್ತು. ಹೌದು, ಮನೆಮಂದಿಯೆಲ್ಲ ಕೂತೇ ನೋಡಿದ್ದೆವು. ನೋಡಿ ಬಂದ ಮೇಲೆ ನನ್ನ ಅಮ್ಮ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು.

ಅಮ್ಮನ ಹೆಸರು ಲೀಲಮ್ಮ. ದಾವಣಗೆರೆಯವಳು. ಅಪ್ಪ ಚಂದ್ರಮೋಹನ ಕೇಂದ್ರ ಸರ್ಕಾರದ ಒಂದು ಸಚಿವಾಲಯದಲ್ಲಿ ಗುಮಾಸ್ತರಾಗಿದ್ದರು. ಮದುವೆಯಾದ ವರ್ಷವೇ ದೆಹಲಿಗೆ ಬಂದು ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನ ಮೇಲಂತಸ್ತಿನಲ್ಲಿ ಸಂಸಾರ ಹೂಡಿದಳು. ಗಟ್ಟಿ ಗಂಟಲಿನ ಹೆಂಗಸು. ಕೆಳಗೆ ತರಕಾರಿ ಗಾಡಿ ಬಂದರೆ ಬಾಲ್ಕನಿಯಿಂದಲೇ ಭಯ್ಯಾನ ಜೊತೆ ವ್ಯಾಪಾರ ಮುಗಿಸಿ, ಹಗ್ಗ ಕಟ್ಟಿದ ಬುಟ್ಟಿ ಇಳಿಬಿಡುತ್ತಿದ್ದಳು. ಅವಳ ಹಿಂದಿ ಹರಕುಮುರುಕಾಗಿತ್ತು, ಆದರೆ ಯಾವ ಭಯ್ಯಾನೂ ಅವಳಿಗೆ ಕೊಳೆತ ಟೊಮೇಟೊ ಕೊಟ್ಟು ದಕ್ಕಿಸಿಕೊಂಡವನಲ್ಲ.

ಎದುರು ಬಾಗಿಲಿನ ಮನೆ ಸಬರ್ವಾಲರದು. ಅವರು ಇನ್ನೊಂದು ಇಲಾಖೆಯಲ್ಲಿ ಹಿಂದಿ ಅನುವಾದಕರು, ಮನೆಯಲ್ಲಿ ನಾಟಕ ಬರೆಯುವವರು. ನಮ್ಮ ಮೆಟ್ಟಿಲಿನ ಮನೆಗಳಲ್ಲೆಲ್ಲ ಫೋನು ಇದ್ದದ್ದು ಅವರೊಬ್ಬರಲ್ಲೇ. ಆ ಕಾಲದಲ್ಲಿ ಅಕ್ಕಪಕ್ಕದವರ ಫೋನ್ ನಂಬರನ್ನೇ ಊರಿಗೆಲ್ಲ ಕೊಟ್ಟಿರುತ್ತಿದ್ದರು, ಮುಂದೆ 'ಪಿ.ಪಿ.' ಎಂದು ಸೇರಿಸಿದರೆ ಸಾಕಿತ್ತು. ದಾವಣಗೆರೆಯಿಂದ ಟ್ರಂಕ್ ಕಾಲ್ ಬಂದರೆ ಸಬರ್ವಾಲರ ಹೆಂಡತಿ ನಮ್ಮ ಬಾಗಿಲು ಬಡಿಯುತ್ತಿದ್ದರು. ಅಮ್ಮ ಸೆರಗಿಗೆ ಕೈ ಒರೆಸುತ್ತ ಓಡುತ್ತಿದ್ದಳು. ಲೈನು ಅಷ್ಟು ದೂರದಿಂದ ಕ್ಷೀಣವಾಗಿ ಬರುತ್ತಿತ್ತು, ಕೂಗದಿದ್ದರೆ ಆ ಕಡೆಯವರಿಗೆ ಕೇಳಿಸುತ್ತಲೇ ಇರಲಿಲ್ಲ. ಋಣ ಇಟ್ಟುಕೊಳ್ಳಬಾರದೆಂದು ಪ್ರತಿ ಫೋನಿನ ಮರುದಿನ ಚಿತ್ರಾನ್ನವನ್ನೋ ಕೋಸಂಬರಿಯನ್ನೋ ಅವರ ಮನೆಗೆ ಕೊಟ್ಟುಬರುತ್ತಿದ್ದಳು. ಸಬರ್ವಾಲರು ಬೆರಳು ನೆಕ್ಕಿಕೊಂಡು ತಿನ್ನುತ್ತಿದ್ದರು. ನಾನೇ ಕಣ್ಣಾರೆ ಕಂಡಿದ್ದೇನೆ.

ನನಗೆ ಎಂಟು ವರ್ಷವಾಗಿದ್ದಾಗ ದಾವಣಗೆರೆಯಲ್ಲಿ ಅಜ್ಜಿ, ಅಮ್ಮನ ತಾಯಿ, ತೀರಿಕೊಂಡಳು. ಸುದ್ದಿ ಬಂದದ್ದು ಆ ಫೋನಿಗೇ. ಮಾವನ ದನಿ ಕೇಳಿಸುತ್ತಿಲ್ಲ, ಬರೀ ಗೊರಗೊರ ಸದ್ದು. "ಹಲೋ... ಅಮ್ಮಾ? ಹಲೋ! ಅಮ್ಮಂಗೇನಾಯ್ತೋ?" ಎಂದು ಅಮ್ಮ ಕಿರುಚಿದಳು. ಆಮೇಲೆ ಗೊತ್ತಾಯಿತು. ರೈಲಿನಲ್ಲಿ ಎರಡು ರಾತ್ರಿಯ ದಾರಿ. ಬೇಸಿಗೆ ಬೇರೆ. ಹೆಣವನ್ನು ಅಷ್ಟು ಹೊತ್ತು ಇಡಲಾಗದು ಎಂದು ಮಾವ ಹೇಳುತ್ತಿದ್ದ. "ತೆಗೀಬೇಡ್ರೋ! ನಾನು ಬರ್ತೀನಿ! ಎರಡು ರಾತ್ರಿ ಇಟ್ಕೊಂಡಿರ್ರೋ, ಮುಖ ಒಂದ್ಸಲ ನೋಡ್ತೀನಿ, ನಿಮ್ಮ ಕಾಲಿಗೆ ಬೀಳ್ತೀನಿ ಕಣ್ರೋ!" ಎಂದು ಅಮ್ಮ ಫೋನಿಗೆ ಕೈ ಮುಗಿದಳು. ಮಾತಿನ ನಡುವೆಯೇ ಲೈನು ಕಡಿಯಿತು. ಸಬರ್ವಾಲರ ಹೆಂಡತಿ ಅವಳನ್ನು ತಬ್ಬಿ ಹಿಡಿದುಕೊಂಡರು. ಸಬರ್ವಾಲರು ತಾವೇ ನೀರು ತಂದು ಕುಡಿಸಿದರು. ಏನಾಯಿತು ಎಂದು ಹಿಂದೆಯೇ ಓಡಿ ಬಂದ ಅಪ್ಪ ಹಿಂದಿಯಲ್ಲಿ ಹೇಳಿದ್ದನ್ನೂ, ಅಮ್ಮ ಏನೆಂದು ಬೇಡಿಕೊಂಡಳು ಎಂಬುದನ್ನೂ ಅವರು ನಿಂತು ಕೇಳಿಸಿಕೊಂಡರು. ಅಜ್ಜಿಯನ್ನು ಆ ಸಂಜೆಯೇ ತೆಗೆದರು. ಅಮ್ಮ ಕೊನೆಗೂ ಮುಖ ನೋಡಲಿಲ್ಲ.

ಮರುವರ್ಷ ಟೀವಿಯಲ್ಲಿ 'ಪಾನೀ ಕಬ್ ಆಯೇಗಾ', ಅಂದರೆ 'ನೀರು ಯಾವಾಗ ಬರುತ್ತೆ', ಎಂಬ ಸೀರಿಯಲ್ಲು ಶುರುವಾಯಿತು. ಸರ್ಕಾರಿ ಕ್ವಾರ್ಟರ್ಸಿನ ಸಂಸಾರಗಳ ಹಾಸ್ಯ. ಬರೆದವರು ನಮ್ಮ ಸಬರ್ವಾಲರು. ಮೆಟ್ಟಿಲಿನವರೆಲ್ಲ ಹೆಮ್ಮೆಯಿಂದ ಅವರ ಮನೆಯಲ್ಲೇ ನೆರೆದು ನೋಡುತ್ತಿದ್ದೆವು. ಮೂರನೆಯದೋ ನಾಲ್ಕನೆಯದೋ ವಾರ ಒಬ್ಬ 'ಮದರಾಸಿ' ಹೆಂಗಸು ಬಂದಳು. ದೊಡ್ಡ ಕುಂಕುಮ, ಕೈಯಲ್ಲಿ ಸ್ಟೀಲ್ ಡಬ್ಬಿ. ಪಕ್ಕದ ಮನೆಯ ಫೋನು ಹಿಡಿದು "ಹಲೋ ಅಮ್ಮಾ! ಹಲೋ ಅಮ್ಮಾ!" ಎಂದು ಅರಚಿದಳು. ಆಮೇಲೆ ಯಾವ ಭಾಷೆಯೂ ಅಲ್ಲದ ಗುಡುಗುಡು ಶಬ್ದ. ಫೋನಿಗೆ ಕೈ ಮುಗಿದಳು, ಎದೆ ಬಡಿದುಕೊಂಡಳು. ಮನೆಯವರೆಲ್ಲ ಕಿವಿಗೆ ಬೆರಳಿಟ್ಟುಕೊಂಡರು. ಕೊನೆಗೆ ಕಣ್ಣೊರೆಸಿಕೊಂಡು ಹಿಂದಿಯಲ್ಲಿ, ಊರಲ್ಲಿ ತೆಂಗಿನಕಾಯಿ ತುಟ್ಟಿಯಾಗಿದೆಯಂತೆ ಎಂದಳು. ಹಿನ್ನೆಲೆಯಲ್ಲಿ ಹೋ ಎಂದು ನಗು. ಕೋಣೆಯಲ್ಲೂ ಹೋ ಎಂದು ನಗು. ಸಬರ್ವಾಲರು ಮಾತ್ರ ನಗದೆ, ಯಾರು ಯಾರು ನಗುತ್ತಿದ್ದಾರೆ ಎಂದು ಮುಖ ಮುಖ ನೋಡುತ್ತಿದ್ದರು. ಅಮ್ಮನ ಮುಖವನ್ನೂ ನೋಡಿದರು. ನೋಡಿ ಮತ್ತೆ ಟೀವಿಯ ಕಡೆ ತಿರುಗಿಕೊಂಡರು.

ಮುಂದಿನದನ್ನು ದೆಹಲಿಯ ಬೀದಿಗಳು ನೋಡಿಕೊಂಡವು. ಹಾಲಿನ ಬೂತಿನಲ್ಲಿ 'ಹಲೋ ಅಮ್ಮಾ', ಬಸ್ಸಿನಲ್ಲಿ 'ಹಲೋ ಅಮ್ಮಾ'. ಅಪ್ಪನ ಆಫೀಸಿನಲ್ಲಿ ಅವರಿಗೆ 'ನಾರಿಯಲ್ ಬಾಬು', ತೆಂಗಿನಕಾಯಿ ಗುಮಾಸ್ತ, ಎಂದು ಹೆಸರು ಬಿತ್ತು. ಶಾಲೆಯಲ್ಲಿ ನನ್ನ ಕಿವಿಯ ಹತ್ತಿರ ಮುಷ್ಟಿ ಹಿಡಿದು ಅರಚುವುದೇ ಒಂದು ಆಟವಾಯಿತು. ಅಪ್ಪ ಸಾಧು ಪ್ರಾಣಿ. "ಬಿಡು ಲೀಲಾ, ಅವರು ದೊಡ್ಡ ಮನುಷ್ಯರು. ಜನ ಮರೀತಾರೆ" ಎಂದರು. ಜನ ಮರೆಯಲಿಲ್ಲ. ಕೊನೆಗೆ ಅಪ್ಪ ಸರ್ಕಾರಿ ಕ್ವಾರ್ಟರ್ಸು ಬಿಟ್ಟುಕೊಟ್ಟು ಲಕ್ಷ್ಮೀ ನಗರದಲ್ಲಿ ಗಾಳಿ ಬೆಳಕಿಲ್ಲದ ಬಾಡಿಗೆ ಮನೆ ಹಿಡಿದರು. ದೆಹಲಿಯಲ್ಲಿ ಸರ್ಕಾರಿ ಕ್ವಾರ್ಟರ್ಸನ್ನು ಕೈಯಾರೆ ಬಿಟ್ಟವನನ್ನು ಜನ ಹುಚ್ಚನೆಂದೇ ತಿಳಿಯುತ್ತಾರೆ. ಹಾಗೆಯೇ ತಿಳಿದರು.

ಲಕ್ಷ್ಮೀ ನಗರದಲ್ಲಿ ಅಮ್ಮ ಬೇರೆಯೇ ಹೆಂಗಸಾದಳು. ಕರ್ನಾಟಕದಿಂದ ಕೋಚಿಂಗಿಗೆ ಬರುವ ಹುಡುಗ ಹುಡುಗಿಯರಿಗೆ ಊಟ ಹಾಕತೊಡಗಿದಳು. ಅವಳ ಕೈಯ ಸಾರು ಉಂಡು ಅಧಿಕಾರಿಗಳಾದವರು ಇವತ್ತಿಗೂ ಹಬ್ಬಕ್ಕೆ ಸಿಹಿ ಕಳಿಸುತ್ತಾರೆ. ಆದರೆ ಆ ಗಟ್ಟಿ ಗಂಟಲು ಹೋಯಿತು. ಫೋನಿನಲ್ಲಂತೂ ಪಿಸುಗುಟ್ಟುತ್ತಿದ್ದಳು, ಗೋಡೆಯ ಕಡೆ ಮುಖ ಮಾಡಿಕೊಂಡು. ಅಪ್ಪ ಆಸ್ಪತ್ರೆಯಲ್ಲಿ ತೀರಿಕೊಂಡಾಗಲೂ ಊರಿನವರಿಗೆ ಹಾಗೆಯೇ ಪಿಸುಗುಟ್ಟಿ ತಿಳಿಸಿದಳು. ಬಾಯಿ ಬಿಟ್ಟು ಅಳಲಿಲ್ಲ. ಇದಕ್ಕೆ ಕಾರಣನಾದವನನ್ನು ನಾನು ಯಾವತ್ತೂ ಕ್ಷಮಿಸಿಲ್ಲ, ಕ್ಷಮಿಸುವ ಆಸೆಯೂ ಇಲ್ಲ.

ನನ್ನ ಹೆಸರು ಧಾರಿಣಿ. ಮದುವೆಯಾಗಲಿಲ್ಲ. ನಾನೂ ಕೇಂದ್ರ ಸರ್ಕಾರದ ನೌಕರಿಗೆ ಸೇರಿದೆ. ಹಳೆಯ ಕ್ವಾರ್ಟರ್ಸೆಲ್ಲ ಕೆಡವಿ ಕಟ್ಟಿದ ಕಿದ್ವಾಯಿ ನಗರದ ಹೊಸ ಟವರಿನಲ್ಲಿ ನನಗೆ ಮನೆ ಸಿಕ್ಕಿತು. ಅಮ್ಮನನ್ನು ಕರೆತಂದೆ. ಕಳೆದ ವರ್ಷ ಚಳಿ ಶುರುವಾಗುವ ಹೊತ್ತಿಗೆ ವಿಳಾಸ ಹುಡುಕಿಕೊಂಡು ಅಲ್ಲಿಗೇ ತನ್ವಿ ಬಂದಳು.

ತನ್ವಿ ಸಬರ್ವಾಲರ ಮೊಮ್ಮಗಳು. ತಾತನನ್ನು 'ದಾದು' ಎನ್ನುತ್ತಿದ್ದಳು. ಮೂವತ್ತರ ಆಸುಪಾಸಿನ ಚುರುಕು ಹುಡುಗಿ. ಕೈಯಲ್ಲಿ ಹೂಗುಚ್ಛ, ಬಾಯಲ್ಲಿ ಜೇನು. ಬಂದವಳೇ ಅಮ್ಮನ ಕಾಲು ಮುಟ್ಟಿದಳು. ಮೊಬೈಲಿನಲ್ಲಿ ನೋಡುವ ಹೊಸ ವಾಹಿನಿಯೊಂದಕ್ಕೆ 'ಪಾನೀ ಕಬ್ ಆಯೇಗಾ'ವನ್ನು ಮತ್ತೆ ಮಾಡುತ್ತಿದ್ದಾಳಂತೆ. ನಿರ್ದೇಶನ ಅವಳದೇ.

"ದಾದು ಯಾವಾಗಲೂ ನಿಮ್ಮ ಬಗ್ಗೆಯೇ ಹೇಳ್ತಾರೆ ಆಂಟಿ. 'ಹಲೋ ಅಮ್ಮಾ' ಪಾತ್ರಕ್ಕೆ ಸ್ಫೂರ್ತಿ ನೀವೇ ಅಂತ, ಆ ಸೀನ್ ನೋಡಿ ನೀವು ಎಲ್ಲರಿಗಿಂತ ಜೋರಾಗಿ ನಕ್ಕಿರಿ ಅಂತ!" ಎಂದಳು ಹಿಂದಿಯಲ್ಲಿ.

ನನಗೆ ತಡೆಯಲಾಗಲಿಲ್ಲ. "ನಿಮ್ಮ ದಾದು ಹಾಗಂದ್ರಾ?" ಎಂದು ಕುರ್ಚಿಯಿಂದ ಎದ್ದೆ. ಅಮ್ಮ ನನ್ನ ಮಣಿಕಟ್ಟು ಹಿಡಿದು ಕೂರಿಸಿದಳು.

ತನ್ವಿಗೆ ಇದು ಯಾವುದೂ ಗೊತ್ತಾಗಲಿಲ್ಲ. ತನ್ನ ಉತ್ಸಾಹದಲ್ಲೇ ಮುಂದುವರಿದಳು. ಹಳೆಯದರಲ್ಲಿ ಗುಡುಗುಡು ಶಬ್ದ ಮಾಡಿಸಿದ್ದು ತಪ್ಪಂತೆ, ಈಗ ಹಾಗೆಲ್ಲ ಮಾಡುವಂತಿಲ್ಲವಂತೆ. ಅದಕ್ಕೇ ದೆಹಲಿಯಲ್ಲಿ ಹುಟ್ಟಿ ಬೆಳೆದ ಕನ್ನಡದ ಹುಡುಗಿ, ರಂಗಭೂಮಿಯಲ್ಲಿ ಹೆಸರು ಮಾಡಿದ ಹರ್ಷಿಣಿಯನ್ನು ಆ ಪಾತ್ರಕ್ಕೆ ಆರಿಸಿದ್ದಾಳೆ. ಮಾತುಗಳೂ ನಿಜವಾದ ಕನ್ನಡವಾಗಿರಬೇಕು. ಸೀನು ಮಾತ್ರ ಬದಲಾಗುವುದಿಲ್ಲ, ಅದು 'ಐಕಾನಿಕ್'. ತೆಂಗಿನಕಾಯಿ ತುಟ್ಟಿಯಾದದ್ದಕ್ಕೆ ಅಳುವ ಮಾತನ್ನು ಆಂಟಿಯೇ ಹರ್ಷಿಣಿಗೆ ಹೇಳಿಕೊಡಬೇಕು.

"ಆಗಲಿ. ಹೇಳಿಕೊಡ್ತೀನಿ. ಹುಡುಗಿಯನ್ನ ನಮ್ಮನೆಗೆ ಕಳಿಸು. ಶೂಟಿಂಗ್ ದಿನ ನಿನ್ನ ದಾದು ಅಲ್ಲಿ ಇರಬೇಕು, ಅಷ್ಟೇ" ಎಂದಳು ಅಮ್ಮ.

ತನ್ವಿ ಚಪ್ಪಾಳೆ ತಟ್ಟಿದಳು. ದಾದು ಕುಣಿದಾಡುತ್ತಾರೆ ಎಂದಳು.

ಅವಳು ಹೋದ ಮೇಲೆ ನಾನು ಕೂಗಾಡಿದೆ. "ಅಮ್ಮಾ, ನಿಂಗೇನು ತಲೆ ಕೆಟ್ಟಿದ್ಯಾ? ಒಂದು ಸಲ ಮಾನ ಕಳೆದದ್ದು ಸಾಲ್ದು ಅಂತ ಮತ್ತೆ ಕಳೀತಾರಂತೆ, ಅದಕ್ಕೆ ನೀನು ಪಾಠ ಹೇಳಿಕೊಡ್ತೀಯಾ? ವಕೀಲರನ್ನ ನೋಡ್ತೀನಿ, ನಿಲ್ಲಿಸಿಬಿಡ್ತೀನಿ."

"ನಿಲ್ಲಿಸಿದ್ರೆ ಏನಾಗುತ್ತೆ? ಹಳೇದು ಇದ್ದೇ ಇರುತ್ತಲ್ಲ. ಅಲ್ನೋಡು, ನಿನ್ನ ಮೊಬೈಲಲ್ಲೇ ಇದೆ. ಜನ ದಿನಾ ನೋಡಿ ನಗ್ತಾರೆ. ಅದನ್ನ ಅಳಿಸೋಕೆ ನಿನ್ನ ವಕೀಲನ ಕೈಲಿ ಆಗುತ್ತಾ?"

"ಆಗಲ್ಲ."

"ಮತ್ತೆ? ಅಳಿಸೋಕಾಗದ್ದನ್ನ ಇನ್ನೊಂದು ಸಲ ಮಾಡ್ಬೇಕು. ಮಾಡೋರು ಮನೆ ಬಾಗಿಲಿಗೇ ಬಂದಿದ್ದಾರೆ. ಇಷ್ಟು ವರ್ಷ ಕಾದಿದ್ದೀನಿ, ಬೇಡ ಅಂತೀನಾ?" ಎಂದು ಬೆಂಡೆಕಾಯಿ ಹೆಚ್ಚತೊಡಗಿದಳು. ಚಾಕು ಮಣೆಯ ಮೇಲೆ ಟಕಟಕ ಎನ್ನುತ್ತಿತ್ತು. ಅವಳ ಮನಸ್ಸಿನಲ್ಲಿ ಇಂಥದ್ದು ಇದೆ ಎಂದು ಒಂದೇ ಮನೆಯಲ್ಲಿದ್ದ ನನಗೇ ತಿಳಿದಿರಲಿಲ್ಲ. ನಿಜ ಹೇಳಬೇಕೆಂದರೆ ಖುಷಿಯಾಯಿತು.

ಹರ್ಷಿಣಿ ಮರುವಾರದಿಂದ ಬರತೊಡಗಿದಳು. ಅವಳಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ, ಮಾತಾಡುವಾಗ ಮಾತ್ರ ಅರ್ಧಕ್ಕೇ ಹಿಂದಿಗೆ ಜಾರುತ್ತದೆ. ಮೊದಲ ದಿನ ಅಮ್ಮ ಮಾತುಗಳನ್ನು ಹೇಳಿಕೊಟ್ಟಾಗ ಅವಳು ಕಕ್ಕಾಬಿಕ್ಕಿಯಾದಳು.

"ಆಂಟಿ, ಯೇ ತೋ... ಇದು ಯಾರೋ ಸತ್ತಾಗ ಹೇಳೋದಲ್ವಾ? ತನ್ವಿ ಮ್ಯಾಮ್ ಕಾಮಿಡಿ ಅಂದಿದ್ರು."

"ನನ್ನಮ್ಮ ಸತ್ತಾಗ ನಾನು ಹೇಳಿದ್ದು. ಕಾಮಿಡಿ ಮಾಡಿದ್ದು ಅವರ ತಾತ" ಎಂದು ಅಮ್ಮ ಎಲ್ಲವನ್ನೂ ಹೇಳಿದಳು. ನೀರು ತಂದು ಕುಡಿಸಿದವರು ಯಾರು ಎಂಬುದನ್ನೂ ಬಿಡಲಿಲ್ಲ.

ಹುಡುಗಿ ತಟ್ಟೆಯ ಉಪ್ಪಿಟ್ಟು ಮುಗಿಸಿದಳು. ಆಮೇಲೆ, "ಒಂದೇ ಟೇಕ್‌ನಲ್ಲಿ ಮಾಡ್ತೀನಿ ಆಂಟಿ. ಯಾರೂ ಬೀಚ್ ಮೇಂ... ನಡುವೆ ಕಟ್ ಹೇಳೋಕಾಗ್ಬಾರ್ದು, ಹಾಗೆ ಮಾಡ್ತೀನಿ" ಎಂದಳು. ನಾನು ಅವಳ ತಟ್ಟೆಗೆ ಇನ್ನೊಂದು ಸೌಟು ಬಡಿಸಿದೆ.

ಶೂಟಿಂಗ್ ನೊಯಿಡಾದ ಒಂದು ಸ್ಟುಡಿಯೋದಲ್ಲಿ. ಒಳಗೆ ಹೋದರೆ ನಮ್ಮ ಹಳೆಯ ಮೆಟ್ಟಿಲು, ಎದುರುಬದುರು ಬಾಗಿಲು, ಹಸಿರು ಬಣ್ಣದ ಕಿಟಕಿ, ಕ್ರೋಶಾ ಹೊದಿಕೆಯ ಸ್ಟೂಲಿನ ಮೇಲೆ ಕಪ್ಪು ಫೋನು. ಪ್ಲೈವುಡ್ಡಿನದೆಂದು ಗೊತ್ತಿದ್ದರೂ ನಮ್ಮ ಬಾಗಿಲಿನ ಚಿಲಕಕ್ಕೆ ಕೈ ಹಾಕಿದೆ. ಅಮ್ಮ ಸುತ್ತಲೂ ನೋಡಿ, "ಗೋಡೆ ಇಷ್ಟು ನುಣ್ಣಗಿರಲಿಲ್ಲ" ಎಂದಳು, ಅಷ್ಟೇ.

ಸಬರ್ವಾಲರು ಗಾಲಿಕುರ್ಚಿಯಲ್ಲಿ ಬಂದರು. ಎಂಬತ್ತು ದಾಟಿದ ಮುದುಕ. ಹೆಂಡತಿ ಹೋಗಿ ವರ್ಷಗಳಾಗಿದ್ದವು. ಮೈತುಂಬ ಶಾಲು. ತಲೆ ಮಾತ್ರ ಚುರುಕಾಗಿಯೇ ಇತ್ತು, ಕಂಡೊಡನೆ ಗುರುತು ಹಿಡಿದರು.

"ಅರೆ ಲೀಲಾಜೀ! ಹಲೋ ಅಮ್ಮಾ!" ಎಂದು ನಗುತ್ತ ಕೈ ಚಾಚಿದರು. ಸುತ್ತಲಿದ್ದವರು ನಕ್ಕರು. ಅಮ್ಮ ಕೈ ಮುಗಿದು ಅವರ ಕುರ್ಚಿಯ ಪಕ್ಕದಲ್ಲೇ ತನ್ನ ಕುರ್ಚಿ ಹಾಕಿಸಿಕೊಂಡಳು.

ತನ್ವಿ 'ಆ್ಯಕ್ಷನ್' ಎಂದಳು. ಹರ್ಷಿಣಿ ಓಡಿ ಬಂದು ಫೋನು ಎತ್ತಿ "ಹಲೋ... ಅಮ್ಮಾ?" ಎಂದಳು. ಲೈಟುಗಳ ಹಿಂದೆ ಯಾರೋ ಕಿಸಕ್ಕೆಂದರು. ಆಮೇಲೆ "ಅಮ್ಮಂಗೇನಾಯ್ತೋ?" ಎಂದಾಗ ಯಾರೂ ನಗಲಿಲ್ಲ. ಕಿವಿಗೆ ಬೆರಳಿಡಬೇಕಿದ್ದ ನಟರು ಕೈ ಕೆಳಗೇ ಬಿಟ್ಟು ನಿಂತರು. "ತೆಗೀಬೇಡ್ರೋ! ಎರಡು ರಾತ್ರಿ ಇಟ್ಕೊಂಡಿರ್ರೋ!" ಎಂದು ಹುಡುಗಿ ಫೋನಿಗೆ ಕೈ ಮುಗಿದು ನೆಲಕ್ಕೆ ಕುಸಿದಳು. ಭಾಷೆ ತಿಳಿಯದವರಿಗೂ ತಿಳಿಯುವಂಥ ಅಳು. ಇಷ್ಟು ವರ್ಷ ಅಮ್ಮ ಅಳದೇ ಬಿಟ್ಟದ್ದು ಅವಳ ಗಂಟಲಿನಿಂದ ಬಂತು. ನನಗೆ ಕಣ್ಣು ಮಂಜಾಗಿ ಏನೂ ಕಾಣಿಸಲಿಲ್ಲ.

ತನ್ವಿ ಕಟ್ ಹೇಳುವುದನ್ನೇ ಮರೆತಿದ್ದಳು. ಆಮೇಲೆ ನಮ್ಮ ಹತ್ತಿರ ಬಂದು ಮೆಲ್ಲಗೆ, "ಆಂಟಿ, ಇದರಲ್ಲಿ ತೆಂಗಿನಕಾಯಿ ಎಲ್ಲಿದೆ?" ಎಂದು ಕೇಳಿದಳು.

"ತೆಂಗಿನಕಾಯಿ ನನ್ನದಲ್ಲ. ನಿನ್ನ ದಾದುವಿನದು" ಎಂದಳು ಅಮ್ಮ ಹಿಂದಿಯಲ್ಲಿ. ಆಮೇಲೆ ಒಂದೊಂದು ಮಾತಿನ ಅರ್ಥವನ್ನೂ ಹೇಳಿದಳು. ಸತ್ತದ್ದು ಯಾರು, ಯಾರ ಫೋನು, ಯಾರ ಕೋಣೆ, ಎಲ್ಲವನ್ನೂ. ಹರಕು ಹಿಂದಿಯೇ, ಆದರೆ ಸ್ಟುಡಿಯೋದ ಕೊನೆಯ ಮೂಲೆಗೂ ಕೇಳಿಸಿತು.

ತನ್ವಿ ತಾತನ ಕಡೆ ತಿರುಗಿದಳು. "ದಾದು, ನಿಮಗೆ ಗೊತ್ತಿರಲಿಲ್ಲ, ಅಲ್ವಾ?"

ಸಬರ್ವಾಲರು ಶಾಲು ಸರಿಮಾಡಿಕೊಂಡರು. ಬಹಳ ಹಳೆಯ ಮಾತು ಎಂದರು. ಬರೆಯುವವನು ಬದುಕಿನಿಂದಲೇ ಎತ್ತಿಕೊಳ್ಳುತ್ತಾನೆ ಮಗೂ ಎಂದರು. ಆಗಿನ ಜನ ಸಣ್ಣ ಮಾತಿಗೆಲ್ಲ ಬೇಸರ ಮಾಡಿಕೊಳ್ಳುತ್ತಿರಲಿಲ್ಲ ಎಂದರು.

"ಗೊತ್ತಿತ್ತೋ ಇಲ್ಲವೋ? ಅಷ್ಟು ಹೇಳಿ" ಎಂದಳು ಅಮ್ಮ.

ಮುದುಕ ಮೊಮ್ಮಗಳ ಮುಖ ನೋಡಿದರು. ಆ ಹುಡುಗಿ ಮೆಚ್ಚುಗೆಯಿಂದ ನೋಡುವುದೊಂದೇ ಅವರಿಗೆ ಈ ವಯಸ್ಸಿನಲ್ಲಿ ಉಳಿದಿದ್ದದ್ದು ಎಂದು ನೋಡಿದವರಿಗೆಲ್ಲ ತಿಳಿಯುತ್ತಿತ್ತು. ಅಮ್ಮನಿಗೂ ತಿಳಿದಿತ್ತು, ಅದಕ್ಕೇ ಅವರನ್ನು ಕರೆಸಿದ್ದಳು.

"ಗೊತ್ತಿತ್ತು" ಎಂದರು. ಆಮೇಲೆ ಕೈ ಜೋಡಿಸಿ, "ಮಾಫ್ ಕರ್ ದೀಜಿಯೇ, ಲೀಲಾಜೀ" ಎಂದರು.

"ಮಾಫಿ ಬೇಡ. ಆ ಮಾತು ಹೇಳಿ. ನನ್ನ ಮಾತು. ನೀವು ಗುಡುಗುಡು ಅಂತ ಬರೆದಿರಲ್ಲ, ಅದು. ನಾನು ಹೇಳಿಕೊಡ್ತೀನಿ, ಹೇಳಿ. ತೆಗೀಬೇಡ್ರೋ."

ಅವರು ಸಹಾಯಕ್ಕೆ ತನ್ವಿಯತ್ತ ನೋಡಿದರು. ತನ್ವಿ ಬಿಳಿಚಿಕೊಂಡು ನಿಂತಿದ್ದಳು. "ಹೇಳಿ ದಾದು" ಎಂದಳು.

"ತೆಗಿ... ಬೇಡ್ರೋ" ಎಂದರು ಮುದುಕ.

"ಎರಡು ರಾತ್ರಿ ಇಟ್ಕೊಂಡಿರ್ರೋ."

"ಎರ್ಡು ರಾತ್ರೀ... ಇಟ್ಕೊ... ಇಟ್ಕೊಂಡ್..." ನಾಲಿಗೆ ಹೊರಳಲಿಲ್ಲ. ಹಲ್ಲುಸೆಟ್ಟು ಜಾರಿ ಮಾತು ಗುಡುಗುಡು ಎಂದಿತು. ಲೈಟುಗಳ ಹಿಂದೆ ಯಾರೋ ತಡೆಯಲಾಗದೆ ಪುಸಕ್ಕನೆ ನಕ್ಕುಬಿಟ್ಟರು. ಒಬ್ಬರು ನಕ್ಕದ್ದಕ್ಕೆ ಇನ್ನೊಬ್ಬರು ಸೇರಿದರು. ಸಬರ್ವಾಲರ ಕಿವಿ ಕೆಂಪಾಯಿತು. ನಗುತ್ತಿರುವವರು ಯಾರೆಂದು ಕತ್ತಲಲ್ಲಿ ಹುಡುಕಿದರು, ಕಾಣಿಸಲಿಲ್ಲ. ಕಣ್ಣಲ್ಲಿ ನೀರು ತುಂಬಿತು.

ಅಮ್ಮ ಅವರ ಕಡೆ ಬಾಗಿದಳು. "ಕೇಳಿಸ್ತಾ ಸಬರ್ವಾಲ್ ಸಾಹೇಬ್? ನಗು ಬಂತು. ನಿಮ್ಮ ಸೀನು ಇನ್ನೂ ಓಡುತ್ತೆ."

ತನ್ವಿ ತಾತನ ಕುರ್ಚಿ ದಾಟಿಕೊಂಡು ಹೋಗಿ, ನೆಲದ ಮೇಲೆ ಇನ್ನೂ ಬಿಕ್ಕುತ್ತಿದ್ದ ಹರ್ಷಿಣಿಯ ಪಕ್ಕದಲ್ಲಿ ಕೂತಳು. ಮುದುಕ "ತನು, ಬೇಟಾ" ಎಂದು ಕರೆದರು. ಅವಳು ತಿರುಗಲಿಲ್ಲ. ಅಯ್ಯೋ ಪಾಪ ಅನ್ನಿಸಬೇಕಿತ್ತೇನೋ, ನನಗೆ ಅನ್ನಿಸಲಿಲ್ಲ. ಅಮ್ಮ ಎದ್ದು ಸೆರಗು ಹೊದ್ದುಕೊಂಡಳು.

"ಚಲೋ ಧಾರಿಣಿ, ಮನೆಗೆ ಹೋಗೋಣ. ಹಸಿವಾಗ್ತಿದೆ" ಎಂದಳು.